ಗೂಗಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು: ದೋಷ ಪತ್ತೆ ಮತ್ತು ನಿವಾರಣೆ

ಕಳೆದ ಮಳೆಗಾಲದ ಒಂದು ರಾತ್ರಿ ದಾವಣಗೆರೆಯಲ್ಲಿರುವ ನನ್ನ ತಂಗಿ ಗಾಬರಿಯಿಂದ ಫೋನ್ ಮಾಡಿದಳು. ಅವಳ ಗೂಗಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ‘ಲಿನಕ್ಸ್’ ಎಂಬ ಹೆಸರಿನ ಕಂಪ್ಯೂಟರೊಂದು ಸೇರಿಕೊಂಡಿತ್ತು. ಅದರ ಕೆಳಗೆ ಚೆನ್ನೈ ಎಂದು ಊರು, ಪಕ್ಕದಲ್ಲಿ ಅರ್ಧ ಗಂಟೆಯ ಹಿಂದಿನ ಸಮಯ. ಅವಳ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಚೆನ್ನೈಗೆ ಅವಳು ಹೋದವಳೂ ಅಲ್ಲ. ನನಗೆ ಕರೆ ಮಾಡುವ ಹೊತ್ತಿಗಾಗಲೇ ಅವಳು ಎರಡು ಸಲ ಪಾಸ್‌ವರ್ಡ್ ಬದಲಿಸಿದ್ದಳು, ಎರಡನೆಯದನ್ನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ, ತನ್ನದೇ ಟ್ಯಾಬ್ಲೆಟ್‌ನಲ್ಲಿ ಒಳಹೋಗಲು ಆಗದೆ ಕುಳಿತಿದ್ದಳು.

ಆ ಲಿನಕ್ಸ್ ಕಂಪ್ಯೂಟರ್ ಅವಳ ಕೈಯಲ್ಲಿದ್ದ ಫೋನೇ ಆಗಿತ್ತು. ಮಗನ ವಿದ್ಯಾರ್ಥಿವೇತನದ ಅರ್ಜಿ ಫೋನಿನ ಪರದೆಯಲ್ಲಿ ಸರಿಯಾಗಿ ಮೂಡದ ಕಾರಣ ಅವಳು ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಟ್ಯಾಬ್ ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಎಂಬುದಕ್ಕೆ ಗುರುತು ಹಾಕಿ, ಅಲ್ಲಿಂದ ಖಾತೆಗೆ ಹೊಸದಾಗಿ ಸೈನ್ ಇನ್ ಆಗಿದ್ದಳು. ಆಂಡ್ರಾಯ್ಡ್ ಫೋನಿನ ಕ್ರೋಮ್ ಡೆಸ್ಕ್‌ಟಾಪ್ ಸೈಟ್ ಸ್ಥಿತಿಯಲ್ಲಿ ತನ್ನನ್ನು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರ್ ಎಂದೇ ಜಾಲತಾಣಕ್ಕೆ ಪರಿಚಯಿಸಿಕೊಳ್ಳುತ್ತದೆ. ಚೆನ್ನೈ ಎಂಬುದು ಅವಳ ಮೊಬೈಲ್ ಡೇಟಾ ಇಂಟರ್ನೆಟ್‌ಗೆ ಹೊರಬೀಳುವ ಜಾಗ, ಅಷ್ಟೆ.

ಅಂದು ಅಪಾಯವಿರಲಿಲ್ಲ. ಆದರೆ ಇದೇ ಬಗೆಯ ಸಾಲು ನಿಜವಾದ ಕಳವಿನಲ್ಲೂ ಕಾಣಿಸುತ್ತದೆ. ಎರಡನ್ನೂ ಬೇರ್ಪಡಿಸುವ ಕ್ರಮ ತಿಳಿದಿರದಿದ್ದರೆ ಒಂದೋ ಸುಮ್ಮನೆ ಹೆದರುತ್ತೇವೆ, ಇಲ್ಲವೇ ಸುಮ್ಮನೆ ಬಿಟ್ಟುಬಿಡುತ್ತೇವೆ. ಆ ಕ್ರಮವನ್ನು ಗೂಗಲ್ ಖಾತೆಯನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಪಟ್ಟಿ ನಿಜವಾಗಿ ಏನನ್ನು ತೋರಿಸುತ್ತದೆ

ಗೂಗಲ್ ಖಾತೆಯ ಪುಟದಲ್ಲಿ ಭದ್ರತೆ ವಿಭಾಗಕ್ಕೆ ಹೋಗಿ ‘ನಿಮ್ಮ ಸಾಧನಗಳು’ ಎಂಬಲ್ಲಿ ಎಲ್ಲ ಸಾಧನಗಳನ್ನು ನಿರ್ವಹಿಸುವ ಕೊಂಡಿಯನ್ನು ಒತ್ತಿದರೆ ಪೂರ್ಣ ಪಟ್ಟಿ ತೆರೆಯುತ್ತದೆ. ‘ಹೊಸ ಸೈನ್ ಇನ್ ಆಗಿದೆ’ ಎಂಬ ಮಿಂಚಂಚೆ ಬಂದಿದ್ದರೂ ಅದರೊಳಗಿನ ಗುಂಡಿಯನ್ನು ಒತ್ತಬೇಡಿ. ಅಂಥದ್ದೇ ರೂಪದ ನಕಲಿ ಅಂಚೆಗಳು ಪಾಸ್‌ವರ್ಡ್ ಕದಿಯಲೆಂದೇ ಬರುತ್ತವೆ. ಖಾತೆಯ ಪುಟವನ್ನು ನೀವೇ ಬ್ರೌಸರ್‌ನಲ್ಲಿ ತೆರೆದು ನೋಡಿ.

ಹೆಸರು ಸಾಧನಗಳ ಪಟ್ಟಿ ಎಂದಿದ್ದರೂ ಅಲ್ಲಿರುವುದು ಮೂಲತಃ ಸೆಷನ್‌ಗಳು. ಒಂದು ಬ್ರೌಸರ್, ಒಂದು ಆಪ್ ಅಥವಾ ಒಂದು ಸೇವೆಯ ಮೂಲಕ ನೀವು ಖಾತೆಯೊಳಗೆ ಇರುವ ಅವಧಿಯೇ ಸೆಷನ್. ಒಂದೇ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಮತ್ತು ಒಂದು ಇನ್‌ಕಾಗ್ನಿಟೊ ಕಿಟಕಿಯಿಂದ ಸೈನ್ ಇನ್ ಆದರೆ ಮೂರು ಸೆಷನ್‌ಗಳು ಹುಟ್ಟುತ್ತವೆ. ಇನ್ನೊಂದು ಆಪ್‌ಗೆ ಖಾತೆಯ ಪ್ರವೇಶ ಕೊಟ್ಟರೂ, ‘ಇದು ನೀವೇ ಎಂದು ಖಚಿತಪಡಿಸಿ’ ಎಂದಾಗ ಮತ್ತೆ ಪಾಸ್‌ವರ್ಡ್ ಒತ್ತಿದರೂ ಹೊಸ ಸೆಷನ್ ಆರಂಭವಾಗಬಹುದು. ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಎರಡು ಸೆಷನ್ ಎಂಬಂಥ ಒಟ್ಟು ಸಾಲು ಕಂಡಾಗ ಅವು ಒಂದೇ ಯಂತ್ರದವೋ ಎರಡು ಯಂತ್ರಗಳವೋ ಎಂಬುದು ಆ ಸಾಲಿನಿಂದ ಗೊತ್ತಾಗುವುದಿಲ್ಲ. ಅದನ್ನು ಒತ್ತಿ ಒಳಗಿನ ಪ್ರತಿಯೊಂದು ಸೆಷನ್‌ನ ಬ್ರೌಸರ್, ಊರು ಮತ್ತು ಸಮಯವನ್ನು ಬೇರೆ ಬೇರೆಯಾಗಿ ನೋಡಬೇಕು.

ಸಮಯದ ವಿಷಯದಲ್ಲಿ ಬಹಳ ಜನ ತಪ್ಪುವುದನ್ನು ಕಂಡಿದ್ದೇನೆ. ಅಲ್ಲಿ ಕಾಣುವುದು ಯಾರೋ ಕುಳಿತು ಖಾತೆಯನ್ನು ಬಳಸಿದ ಸಮಯವಲ್ಲ, ಆ ಸಾಧನ ಗೂಗಲ್‌ನ ವ್ಯವಸ್ಥೆಯೊಂದಿಗೆ ಕೊನೆಯ ಬಾರಿ ಸಂಪರ್ಕಕ್ಕೆ ಬಂದ ಸಮಯ. ಕಪಾಟಿನೊಳಗೆ ಚಾರ್ಜ್ ಉಳಿದಿರುವ ಹಳೆಯ ಟ್ಯಾಬ್ಲೆಟ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ, ಅದನ್ನು ಆರು ತಿಂಗಳಿಂದ ಯಾರೂ ಮುಟ್ಟದಿದ್ದರೂ ಪಟ್ಟಿಯಲ್ಲಿ ಇಂದು ಬೆಳಗಿನ ಸಮಯವೇ ಇರುತ್ತದೆ. ಹಾಗೆಯೇ, ಸೈನ್ ಔಟ್ ಮಾಡಿದ ಸಾಧನದ ಹೆಸರು ಕೂಡಲೇ ಮಾಯವಾಗುವುದಿಲ್ಲ. ಸೈನ್ ಔಟ್ ಆಗಿದೆ ಎಂಬ ಸೂಚನೆಯೊಂದಿಗೆ ಕೆಲವು ವಾರ ಉಳಿದಿರುತ್ತದೆ. ‘ತೆಗೆದರೂ ಹೋಗುತ್ತಿಲ್ಲ’ ಎನ್ನುವ ದೂರುಗಳಲ್ಲಿ ಹಲವು ಈ ಸೂಚನೆಯನ್ನು ಗಮನಿಸದೆ ಬಂದವು.

ಏನನ್ನೂ ಒತ್ತುವ ಮೊದಲು

ಸೈನ್ ಔಟ್ ಗುಂಡಿಯನ್ನು ಒತ್ತಲು ಕೈ ತವಕಿಸುತ್ತದೆ ನಿಜ, ಆದರೆ ಒಂದು ನಿಮಿಷ ತಡೆಯಿರಿ. ಸಂಶಯದ ಸಾಲನ್ನು ತೆರೆದು ಪರದೆಯ ಚಿತ್ರ ತೆಗೆದುಕೊಳ್ಳಿ: ಸಾಧನದ ಹೆಸರು, ಬ್ರೌಸರ್ ಅಥವಾ ಆಪ್, ಊರು, ಮೊದಲ ಸೈನ್ ಇನ್ ದಿನಾಂಕ ಕಾಣುತ್ತಿದ್ದರೆ ಅದು, ಕೊನೆಯ ಸಂಪರ್ಕದ ಸಮಯ. ಬಳಿಕ ಅದೇ ಭದ್ರತೆ ವಿಭಾಗದಲ್ಲಿ ಇತ್ತೀಚಿನ ಭದ್ರತಾ ಚಟುವಟಿಕೆ ಎಂಬುದನ್ನು ತೆರೆಯಿರಿ. ಕಳೆದ 28 ದಿನಗಳಲ್ಲಿ ಆದ ಹೊಸ ಸೈನ್ ಇನ್, ಪಾಸ್‌ವರ್ಡ್ ಬದಲಾವಣೆ, ಮರುಪಡೆಯುವ ಫೋನ್ ಸಂಖ್ಯೆಯ ಬದಲಾವಣೆ ಅಲ್ಲಿ ದಾಖಲಾಗಿರುತ್ತವೆ. ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದುವುದೇ ಪತ್ತೆಯ ಮುಖ್ಯ ಕೆಲಸ ಎಂದು ನನ್ನ ಅನುಭವ ಹೇಳುತ್ತದೆ. ನಾಳೆ ಪೊಲೀಸರಿಗೆ ದೂರು ಕೊಡಬೇಕಾಗಿ ಬಂದರೂ ಕೈಯಲ್ಲಿ ಉಳಿಯುವುದು ಈ ಚಿತ್ರಗಳೇ.

ಊರು ಹೊಂದದಿದ್ದರೆ

ಊರಿನ ಹೆಸರೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಆ ಊರನ್ನು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ, ಅಂದಾಜು ಮಾಡಲಾಗುತ್ತದೆ. ಮೊಬೈಲ್ ಡೇಟಾ ಬಳಸುವಾಗ ನಿಮ್ಮ ಫೋನಿನ ಮಾಹಿತಿ ಮೊದಲು ಕಂಪನಿಯ ಜಾಲದೊಳಗೆ ಸಾಗಿ, ಯಾವುದೋ ಒಂದು ದೊಡ್ಡ ಕೇಂದ್ರದಲ್ಲಿ ಇಂಟರ್ನೆಟ್‌ಗೆ ಹೊರಬರುತ್ತದೆ. ಸಾವಿರಾರು ಗ್ರಾಹಕರು ಒಂದೇ ಐಪಿ ವಿಳಾಸವನ್ನು ಹಂಚಿಕೊಳ್ಳುವ ಏರ್ಪಾಡೂ ಇದೆ. ಹಾಗಾಗಿ ಶಿರಸಿಯಲ್ಲಿ ಕುಳಿತವರ ಫೋನು ಬೆಂಗಳೂರು, ಚೆನ್ನೈ, ಹೈದರಾಬಾದ್ ಅಥವಾ ಮುಂಬೈ ಎಂದು ಕಾಣುವುದು ದಿನನಿತ್ಯದ ಸಂಗತಿ. ವಿಪಿಎನ್ (ಬೇರೊಂದು ಊರಿನ ಸರ್ವರ್ ಮೂಲಕ ಇಂಟರ್ನೆಟ್‌ಗೆ ಹೋಗುವ ಏರ್ಪಾಡು) ಹಾಕಿಕೊಂಡಿದ್ದರೆ ಪರದೇಶದ ಊರೂ ಬರುತ್ತದೆ. ಔಟ್‌ಲುಕ್‌ನ ಮೊಬೈಲ್ ಆಪ್‌ಗೆ ಜಿಮೇಲ್ ಸೇರಿಸಿದವರಿಗೆ ಆಗಾಗ ಅಮೆರಿಕ ಅಥವಾ ಯುರೋಪಿನ ವಿಳಾಸ ಕಾಣಿಸಬಹುದು, ಏಕೆಂದರೆ ಅಂಚೆಯನ್ನು ತರುವುದು ಫೋನಲ್ಲ, ಮೈಕ್ರೋಸಾಫ್ಟ್‌ನ ಸರ್ವರ್.

ಇನ್ನಷ್ಟು ಖಚಿತತೆ ಬೇಕಿದ್ದರೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಇನ್‌ಬಾಕ್ಸ್‌ನ ಕೆಳಗೆ ಬಲಮೂಲೆಯಲ್ಲಿರುವ ‘ವಿವರಗಳು’ ಎಂಬ ಸಣ್ಣ ಅಕ್ಷರದ ಕೊಂಡಿಯನ್ನು ಒತ್ತಬೇಕು. ಇದು ಫೋನಿನ ಆಪ್‌ನಲ್ಲಿ ಇಲ್ಲ, ಅದಕ್ಕೇ ಬಹಳ ಜನರಿಗೆ ತಿಳಿದಿಲ್ಲ. ಇತ್ತೀಚೆಗೆ ಜಿಮೇಲ್ ತೆರೆದ ಹತ್ತರಷ್ಟು ಸಂದರ್ಭಗಳ ಐಪಿ ವಿಳಾಸ, ಸಮಯ, ಮತ್ತು ಬ್ರೌಸರ್‌ನಿಂದಲೋ ಮೊಬೈಲ್‌ನಿಂದಲೋ ಐಮ್ಯಾಪ್ ಅಥವಾ ಪಾಪ್ (ಬೇರೆ ಅಂಚೆ ತಂತ್ರಾಂಶಗಳು ಜಿಮೇಲ್‌ನ ಅಂಚೆಯನ್ನು ತರಿಸಿಕೊಳ್ಳುವ ವಿಧಾನಗಳು) ಮೂಲಕವೋ ಎಂಬ ಬಗೆ ಅಲ್ಲಿ ಸಿಗುತ್ತದೆ. ವಿಳಾಸ 2409:40 ಎಂದು ಆರಂಭವಾದರೆ ಅದು ಸಾಮಾನ್ಯವಾಗಿ ಜಿಯೋ ಜಾಲದ್ದು, 2401:4900 ಎಂದಿದ್ದರೆ ಏರ್‌ಟೆಲ್‌ನದು. ನಿಮ್ಮ ಮನೆಯಲ್ಲಿ ಯಾರೂ ಬಳಸದ ಕಂಪನಿಯ ವಿಳಾಸ ಪದೇ ಪದೇ ಬರುತ್ತಿದ್ದರೆ, ಅಥವಾ ನೀವೆಂದೂ ಹೊಂದಿಸಿರದ ಐಮ್ಯಾಪ್ ಪ್ರವೇಶ ಕಾಣುತ್ತಿದ್ದರೆ, ಆಗ ಊರಿನ ಅನುಮಾನಕ್ಕೆ ಬಲ ಬರುತ್ತದೆ.

ಹೆಸರು ಹೊಂದದಿದ್ದರೆ

ಡೆಸ್ಕ್‌ಟಾಪ್ ಸೈಟ್ ಸ್ಥಿತಿಯ ಫೋನು ಲಿನಕ್ಸ್ ಆಗುವುದನ್ನು ಮೇಲೆ ಹೇಳಿದೆ. 2019ರಲ್ಲಿ ಬಂದ ಐಪ್ಯಾಡ್‌ಓಎಸ್ 13ರಿಂದ ಈಚೆಗೆ ಐಪ್ಯಾಡ್‌ನ ಸಫಾರಿ ಕೂಡ ತನ್ನನ್ನು ಮ್ಯಾಕ್ ಕಂಪ್ಯೂಟರ್ ಎಂದು ಹೇಳಿಕೊಳ್ಳುತ್ತದೆ. ಖಾಸಗಿತನದ ದೃಷ್ಟಿಯಿಂದ ಕ್ರೋಮ್ ಬ್ರೌಸರ್ ತನ್ನ ಪರಿಚಯವನ್ನು ಮೊಟಕುಗೊಳಿಸಿರುವುದರಿಂದ, ಹಲವು ಜಾಲತಾಣಗಳ ಪಟ್ಟಿಯಲ್ಲಿ ಯಾವುದೇ ಆಂಡ್ರಾಯ್ಡ್ ಫೋನು ‘ಆಂಡ್ರಾಯ್ಡ್ 10’ ಎಂದೂ, ವಿಂಡೋಸ್ 11 ಇರುವ ಯಂತ್ರ ‘ವಿಂಡೋಸ್ 10’ ಎಂದೂ ಮೂಡುತ್ತದೆ. ನಿಮ್ಮದು ಹೊಸ ಆವೃತ್ತಿ ಎಂಬ ಒಂದೇ ಕಾರಣಕ್ಕೆ ಅದನ್ನು ಪರರ ಸಾಧನವೆಂದು ತಿಳಿಯಬೇಡಿ. ಸ್ಯಾಮ್‌ಸಂಗ್ ಮುಂತಾದ ಫೋನುಗಳು ಮಾರುಕಟ್ಟೆಯ ಹೆಸರಿನ ಬದಲು ಮಾದರಿ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಕುರಿತಾದ ಪುಟ ತೆರೆದರೆ ಅದೇ ಸಂಖ್ಯೆ ಸಿಗುತ್ತದೆ, ಹೋಲಿಸಿ ನೋಡಬಹುದು.

ಒಂದೇ ಫೋನು ಎರಡು ಬಾರಿ ಕಂಡರೆ ಮೊದಲು ನೆನಪಿಸಿಕೊಳ್ಳಬೇಕಾದದ್ದು, ನಡುವೆ ಅದನ್ನು ರಿಪೇರಿಗೆ ಕೊಟ್ಟು ಫ್ಯಾಕ್ಟರಿ ರೀಸೆಟ್ ಮಾಡಿಸಿದ್ದಿರಾ ಎಂಬುದು. ರೀಸೆಟ್ ಆದ ಫೋನು ಖಾತೆಯ ಲೆಕ್ಕದಲ್ಲಿ ಹೊಸ ಸಾಧನ. ಎರಡರಲ್ಲಿ ಕೊನೆಯ ಸಂಪರ್ಕ ರಿಪೇರಿಯ ದಿನಕ್ಕೇ ನಿಂತಿರುವುದು ಹಳೆಯದು; ಅದನ್ನು ಧೈರ್ಯವಾಗಿ ಸೈನ್ ಔಟ್ ಮಾಡಿ. ಎರಡೂ ಇಂದಿನ ಸಮಯವನ್ನೇ ತೋರಿಸುತ್ತಿದ್ದರೆ ವಿಷಯ ಬೇರೆ, ಅದೇ ಮಾದರಿಯ ಇನ್ನೊಂದು ಫೋನು ಎಲ್ಲೋ ಬಳಕೆಯಲ್ಲಿರಬಹುದು. ಅಪ್ಪನ ಫೋನು ಹೊಂದಿಸುವಾಗ ಮಗಳ ಖಾತೆಯನ್ನೇ ಹಾಕಿಬಿಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಸ್ಮಾರ್ಟ್ ಟಿವಿ, ಯೂಟ್ಯೂಬ್‌ಗಾಗಿ ಒಮ್ಮೆ ಖಾತೆ ಹಾಕಿದ ನೆಂಟರ ಮನೆಯ ಟಿವಿ, ಇವನ್ನೂ ಮರೆಯಬಾರದು.

ಅನುಮಾನ ಉಳಿದರೆ ಪ್ರಯೋಗ ಮಾಡಿ ನೋಡುವುದು ಒಳ್ಳೆಯದು. ತಂಗಿಯ ವಿಷಯದಲ್ಲಿ ನಾವು ಹಾಗೇ ಮಾಡಿದೆವು: ಆ ಲಿನಕ್ಸ್ ಸೆಷನ್ ಸೈನ್ ಔಟ್ ಮಾಡಿ, ಅದೇ ಫೋನಿನಲ್ಲಿ ಮತ್ತೆ ಇನ್‌ಕಾಗ್ನಿಟೊ ಟ್ಯಾಬ್ ತೆರೆದು, ಡೆಸ್ಕ್‌ಟಾಪ್ ಸೈಟ್ ಗುರುತು ಹಾಕಿ ಸೈನ್ ಇನ್ ಆದಾಗ ಎರಡು ನಿಮಿಷದೊಳಗೆ ಅದೇ ಹೆಸರು, ಅದೇ ಚೆನ್ನೈ, ಹೊಸ ಸಮಯದೊಂದಿಗೆ ಮೂಡಿತು. ವೈಫೈಗೆ ಬದಲಿಸಿದಾಗ ಊರೂ ಬದಲಾಯಿತು. ಅಲ್ಲಿಗೆ ಪತ್ತೆ ಮುಗಿಯಿತು.

ಸೈನ್ ಔಟ್ ಮಾಡಿದರೂ ಮರಳಿ ಬರುವ ಸಾಧನ

ಹೆಚ್ಚು ಎಚ್ಚರ ಬೇಕಿರುವುದು ಇಲ್ಲಿ. ಹೊರಹಾಕಿದ ಸಾಧನ ಮತ್ತೆ ಸಕ್ರಿಯವಾಗಿ ಕಂಡರೆ, ಭದ್ರತಾ ಚಟುವಟಿಕೆಯ ಪುಟದಲ್ಲಿ ಅದಕ್ಕೆ ಹೊಂದುವ ಹೊಸ ಸೈನ್ ಇನ್ ದಾಖಲೆ ಇದೆಯೇ ಎಂದು ನೋಡಿ.

ದಾಖಲೆ ಇದ್ದರೆ, ಯಾರೋ ಪಾಸ್‌ವರ್ಡ್ ಹಾಕಿ ನೇರವಾಗಿಯೇ ಒಳಬಂದಿದ್ದಾರೆ. ಮನೆಯವರೇ ಇರಬಹುದು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಬಳಸಿದ ಬೇರೆಯವರೂ ಇರಬಹುದು. ಎರಡು ಹಂತದ ಪರಿಶೀಲನೆ ಚಾಲ್ತಿಯಲ್ಲಿದ್ದೂ ಇದು ಆಗಿದ್ದರೆ, ‘ಈ ಸಾಧನದಲ್ಲಿ ಮತ್ತೆ ಕೇಳಬೇಡ’ ಎಂದು ಹಿಂದೆಂದೋ ಗುರುತು ಹಾಕಿದ ನಂಬಿಕೆಯ ಸಾಧನಗಳನ್ನು ಆ ವಿಭಾಗದಲ್ಲೇ ರದ್ದು ಮಾಡಬೇಕು. ಪಾಸ್‌ವರ್ಡ್ ಬದಲು ಫೋನಿನ ಪರದೆಯ ಬೀಗವನ್ನೇ ಬಳಸಿ ಒಳಹೋಗಲು ಬಿಡುವ ಪಾಸ್‌ಕೀಗಳ ಪಟ್ಟಿಯನ್ನೂ ತೆರೆದು ನೋಡಿ. ಮನೆಮಂದಿಯೆಲ್ಲ ಬಳಸುವ ಫೋನಿನಲ್ಲಿ ಪಾಸ್‌ಕೀ ಇದ್ದರೆ, ಆ ಫೋನಿನ ಪರದೆಯ ಬೀಗ ಗೊತ್ತಿರುವ ಎಲ್ಲರಿಗೂ ಖಾತೆಯ ಬೀಗದಕೈ ಕೊಟ್ಟಂತೆಯೇ.

ಹೊಸ ಸೈನ್ ಇನ್ ದಾಖಲೆಯೇ ಇಲ್ಲದೆ, ನಿಮ್ಮದೇ ಬ್ರೌಸರ್‌ನ ಹೆಸರಿನಲ್ಲಿ ದೂರದ ಊರಿನಿಂದ ಚಟುವಟಿಕೆ ಕಾಣುತ್ತಿದ್ದರೆ, ಮತ್ತು ವಿಪಿಎನ್, ಮೊಬೈಲ್ ಡೇಟಾಗಳಿಂದ ಅದನ್ನು ವಿವರಿಸಲು ಆಗದಿದ್ದರೆ, ಸೆಷನ್ ಕುಕಿ ಕಳವಾಗಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ನೀವು ಸೈನ್ ಇನ್ ಆದ ಮೇಲೆ ಬ್ರೌಸರ್‌ನಲ್ಲಿ ಉಳಿಯುವ ಸಣ್ಣ ಗುರುತುಚೀಟಿಯೇ ಕುಕಿ. ಕಂಪ್ಯೂಟರಿಗೆ ಹೊಕ್ಕ ಕಳ್ಳತಂತ್ರಾಂಶ ಅದನ್ನು ಎತ್ತಿಕೊಂಡು ಹೋದರೆ, ಆ ಚೀಟಿ ಹಿಡಿದವರಿಗೆ ಪಾಸ್‌ವರ್ಡೂ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಲಿನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕೈತಪ್ಪಿದ್ದು ಹೀಗೆಯೇ: ಪ್ರಾಯೋಜಕರ ಪತ್ರದಂತೆ ಕಂಡ ಕಡತವನ್ನು ಸಿಬ್ಬಂದಿಯೊಬ್ಬರು ತೆರೆದರು, ಸೆಷನ್ ಗುರುತುಚೀಟಿ ಹೊರಗೆ ಹೋಯಿತು.

ಇಂಥ ಸಂದರ್ಭದಲ್ಲಿ ಕೆಲಸದ ಅನುಕ್ರಮ ತಪ್ಪಬಾರದು. ಸೋಂಕಿದ ಕಂಪ್ಯೂಟರಿನಲ್ಲೇ ಕುಳಿತು ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡೂ ಹೊಸ ಕುಕಿಯೂ ಅದೇ ದಾರಿಯಲ್ಲಿ ಹೋಗುತ್ತವೆ. ಮೊದಲು ಆ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ. ಅನುಮಾನವಿಲ್ಲದ ಬೇರೊಂದು ಫೋನಿನಿಂದ ಸಂಶಯದ ಎಲ್ಲ ಸೆಷನ್‌ಗಳನ್ನು ಹೊರಹಾಕಿ, ಅಲ್ಲಿಂದಲೇ ಪಾಸ್‌ವರ್ಡ್ ಬದಲಿಸಿ. ಬಳಿಕ ಕಂಪ್ಯೂಟರಿಗೆ ಬಂದು ಇತ್ತೀಚೆಗೆ ಹಾಕಿದ ಬಿಟ್ಟಿ ತಂತ್ರಾಂಶ, ಕಳ್ಳ ಆವೃತ್ತಿಯ ಆಟ, ಗುರುತಿಲ್ಲದ ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ. ನುಡಿ ತಂತ್ರಾಂಶ ಅಥವಾ ಅಕ್ಷರಶೈಲಿಗಳನ್ನು ಸಿಕ್ಕಸಿಕ್ಕ ತಾಣದಿಂದ ಇಳಿಸಿಕೊಳ್ಳುವ ಕನ್ನಡ ಬರಹಗಾರರಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕೆನಿಸುತ್ತದೆ. ನನ್ನ ಮಟ್ಟಿಗೆ, ಕುಕಿ ಕಳವು ಖಚಿತವಾದ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮನ್ನೇ ಹೊಸದಾಗಿ ಹಾಕಿಸುವವರೆಗೆ ಮತ್ತೆ ಸೈನ್ ಇನ್ ಆಗುವುದಿಲ್ಲ.

ಪಾಸ್‌ವರ್ಡ್ ಬದಲಾದರೂ ಮುಚ್ಚದ ಬಾಗಿಲುಗಳು

ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಕಡೆಯಿಂದಲೂ ಸೈನ್ ಔಟ್ ಆಗುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ಸರಿ, ಪೂರ್ತಿ ಸರಿಯಲ್ಲ. ಸೈನ್ ಇನ್ ಆಗುವಾಗ ‘ಇದು ನೀವೇ’ ಎಂದು ದೃಢಪಡಿಸಲು ಬಳಸುವ ಸಾಧನ, ನೀವು ಪ್ರವೇಶ ಕೊಟ್ಟಿರುವ ಬೇರೆ ಆಪ್‌ಗಳಿರುವ ಕೆಲವು ಸಾಧನಗಳು ಮತ್ತು ಮನೆಯ ಸ್ಪೀಕರಿನಂಥ ಉಪಕರಣಗಳು ಒಳಗೇ ಉಳಿಯಬಹುದು. ಆದ್ದರಿಂದ ಪಾಸ್‌ವರ್ಡ್ ಬದಲಿಸಿದ ಮೇಲೂ ಪಟ್ಟಿಗೆ ಮರಳಿ, ಉಳಿದದ್ದನ್ನು ಒಂದೊಂದಾಗಿ ಕೈಯಾರೆ ಹೊರಹಾಕಬೇಕು. ಹಳೆಯ ಅಂಚೆ ತಂತ್ರಾಂಶಕ್ಕಾಗಿ ಮಾಡಿಕೊಂಡ 16 ಅಕ್ಷರಗಳ ಆಪ್ ಪಾಸ್‌ವರ್ಡ್‌ಗಳು ಮಾತ್ರ ಖಾತೆಯ ಪಾಸ್‌ವರ್ಡ್ ಬದಲಾದಾಗ ತಾವಾಗಿಯೇ ರದ್ದಾಗುತ್ತವೆ.

ಸಾಧನಗಳ ಪಟ್ಟಿಯಲ್ಲಿ ಎಂದೂ ಕಾಣದ ದಾರಿಗಳೂ ಇವೆ. ಖಾತೆಗೆ ಜೋಡಿಸಿದ ಹೊರಗಿನ ಆಪ್ ಮತ್ತು ಸೇವೆಗಳ ಪುಟದಲ್ಲಿ ಯಾವುದಕ್ಕೆ ಜಿಮೇಲ್ ಅಥವಾ ಡ್ರೈವ್ ಓದುವ ಅನುಮತಿ ಇದೆ ಎಂದು ನೋಡಿ. ಹೆಸರು ಮತ್ತು ಅಂಚೆ ವಿಳಾಸ ಮಾತ್ರ ಪಡೆಯುವ ಸೇವೆಗಳಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್‌ಗಳು ಮತ್ತು ಖಾತೆಗೆ ಬೇರೆಯವರಿಗೆ ಪ್ರವೇಶ ಕೊಡುವ ಭಾಗವನ್ನು ತಪ್ಪದೆ ತೆರೆಯಬೇಕು. ಬಾಗಿಲಿನಿಂದ ಹೊರಹಾಕಿದ ಕಳ್ಳನು ಫಾರ್ವರ್ಡಿಂಗ್ ಹಾಕಿಟ್ಟಿದ್ದರೆ ನಿಮ್ಮ ಅಂಚೆಯ ಪ್ರತಿ ಅವನಿಗೆ ತಲುಪುತ್ತಲೇ ಇರುತ್ತದೆ. ಬ್ಯಾಂಕಿನ ಅಂಚೆಗಳನ್ನು ಇನ್‌ಬಾಕ್ಸ್‌ಗೆ ಬರದಂತೆ ನೇರ ಕಸದ ಬುಟ್ಟಿಗೆ ಕಳಿಸುವ ಫಿಲ್ಟರ್ ಇದ್ದರೆ ನಿಮಗೆ ಸುಳಿವೇ ಸಿಗುವುದಿಲ್ಲ.

ಸೈಬರ್ ಸೆಂಟರಿನಲ್ಲಿ ಉಳಿದ ಖಾತೆ

ಸಿಇಟಿ ಅರ್ಜಿ, ಸೇವಾ ಸಿಂಧು ಪ್ರಮಾಣಪತ್ರ, ಅಂಕಪಟ್ಟಿಯ ಮುದ್ರಣ ಇತ್ಯಾದಿಗಳಿಗಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸಾಲಿನಲ್ಲಿ ಹಿಂದೆ ನಿಂತವರ ಅವಸರಕ್ಕೆ ಕಿಟಕಿಯನ್ನಷ್ಟೇ ಮುಚ್ಚಿ ಎದ್ದುಬರುವುದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯ. ಕಿಟಕಿ ಮುಚ್ಚಿದರೆ ಸೆಷನ್ ಮುಗಿಯುವುದಿಲ್ಲ. ಪಟ್ಟಿಯಲ್ಲಿ ವಿಂಡೋಸ್ ಎಂದು ಕಾಣುವ, ಅಂಗಡಿ ತೆರೆದಿರುವ ಹೊತ್ತಿನಲ್ಲಷ್ಟೇ ಜೀವ ಬರುವ ಸಾಲು ಕಂಡರೆ ಇದನ್ನು ಮೊದಲು ನೆನೆಯಿರಿ. ದೂರದಿಂದಲೇ ಸೈನ್ ಔಟ್ ಮಾಡಿದರೆ ಆ ಪ್ರವೇಶ ಅಲ್ಲಿಗೆ ನಿಲ್ಲುತ್ತದೆ, ಆದರೆ ಅಲ್ಲಿ ಇಳಿಸಿಕೊಂಡ ಆಧಾರ್ ಪ್ರತಿ, ಅಂಕಪಟ್ಟಿಗಳು ಆ ಯಂತ್ರದ ಡೌನ್‌ಲೋಡ್ಸ್ ಕಡತಕೋಶದಲ್ಲೇ ಉಳಿದಿರುತ್ತವೆ. ಅಂದು ಕ್ರೋಮ್‌ಗೆ ಖಾತೆ ಸೇರಿಸಿ ಸಿಂಕ್ ಮಾಡಲು ಒಪ್ಪಿದ್ದರೆ ನಿಮ್ಮ ಉಳಿಸಿದ ಪಾಸ್‌ವರ್ಡ್‌ಗಳೂ ಆ ಕಂಪ್ಯೂಟರಿಗೆ ಬಂದಿದ್ದವು; ಆಗ ಗೂಗಲ್ ಪಾಸ್‌ವರ್ಡ್ ಒಂದನ್ನೇ ಅಲ್ಲ, ಬ್ಯಾಂಕ್ ಮುಂತಾದ ಮುಖ್ಯ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು.

ಫೋನೇ ಕಳೆದುಹೋಗಿದ್ದರೆ

ಪತ್ತೆಗೆ ಸಮಯ ಕಳೆಯಬೇಡಿ. ಮೊದಲು ಸಿಮ್ ನಿಲ್ಲಿಸಿ, ಏಕೆಂದರೆ ಖಾತೆಯನ್ನು ಮರುಪಡೆಯುವ ಸಂದೇಶಗಳು ಹೋಗುವುದು ಅದೇ ಸಂಖ್ಯೆಗೆ. ಬೇರೊಂದು ಸಾಧನದಿಂದ ಗೂಗಲ್‌ನ ಫೋನ್ ಹುಡುಕುವ ಸೇವೆಯನ್ನು ತೆರೆದು ಫೋನಿಗೆ ಬೀಗ ಹಾಕಿ. ಮರಳಿ ಸಿಗುವ ಆಸೆ ಇಲ್ಲದಿದ್ದರೆ ಅಲ್ಲಿಂದಲೇ ಅಳಿಸಬಹುದು. ಸಾಧನಗಳ ಪಟ್ಟಿಯಿಂದ ಸೈನ್ ಔಟ್ ಮಾಡುವುದು ಇದಾದ ಮೇಲೆ, ಏಕೆಂದರೆ ಖಾತೆಯ ಸಂಪರ್ಕ ಮೊದಲೇ ಕಡಿದರೆ ಹುಡುಕುವ, ಅಳಿಸುವ ದಾರಿಯೂ ಕಡಿದುಹೋಗಬಹುದು. ಕರ್ನಾಟಕದಲ್ಲಿರುವವರು ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದೂರು ದಾಖಲಿಸಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್ ಸೇವೆಯ ಮೂಲಕ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ತಡೆಹಿಡಿಯಲು ಕೋರಬಹುದು. ಅದು ಫೋನನ್ನು ಮೊಬೈಲ್ ಜಾಲಗಳಿಂದ ದೂರವಿಡುತ್ತದೆಯೇ ಹೊರತು ಖಾತೆಯನ್ನು ಸೈನ್ ಔಟ್ ಮಾಡುವುದಿಲ್ಲ. ವೈಫೈ ಸಿಕ್ಕರೆ ಫೋನು ಎಂದಿನಂತೆ ಖಾತೆಯೊಳಗೇ ಇರುತ್ತದೆ. ಹಣ ಹೋಗಿರುವುದು ಕಂಡರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾವ ಸಂದರ್ಭವೇ ಆಗಿರಲಿ, ಕಳವು ಖಚಿತವಾಗಿ, ಖಾತೆಯನ್ನು ಮರುಪಡೆಯುವ ಫೋನ್ ಸಂಖ್ಯೆ ಅಥವಾ ಅಂಚೆ ವಿಳಾಸವನ್ನು ಬದಲಿಸಿದ್ದರೆ ಒಂದು ವಾರದ ಬಳಿಕ ಮತ್ತೊಮ್ಮೆ ಪಟ್ಟಿಯನ್ನು ತೆರೆಯಿರಿ. ಬದಲಾವಣೆಯಾದ 7 ದಿನಗಳವರೆಗೆ ಹಳೆಯ ಸಂಖ್ಯೆಗೂ ಪರಿಶೀಲನಾ ಸಂದೇಶ ಕಳಿಸುವ ಅವಕಾಶವನ್ನು ಗೂಗಲ್ ಉಳಿಸಿಕೊಂಡಿರಬಹುದು. ಖಾತೆಯ ನಿಜವಾದ ಒಡೆಯರಿಗೆ ನೆರವಾಗಲೆಂದು ಇಟ್ಟ ಆ ಅವಧಿಯಲ್ಲಿ, ಕಳ್ಳನು ನಡುವೆ ತನ್ನ ಸಂಖ್ಯೆಯನ್ನು ಸೇರಿಸಿದ್ದರೆ ಅದೂ ‘ಹಳೆಯ ಸಂಖ್ಯೆ’ಯೇ ಆಗಿರುತ್ತದೆ. ಎಂಟನೆಯ ದಿನ ನೋಡುವಾಗ ಮೊದಲ ದಿನ ತೆಗೆದಿಟ್ಟ ಪರದೆಯ ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ; ಅಂದು ಸಂಶಯಪಟ್ಟ ಪ್ರತಿಯೊಂದು ಸಾಲಿನ ಮುಂದೆಯೂ ಈಗ ಸೈನ್ ಔಟ್ ಎಂಬ ಸೂಚನೆ ಇರಬೇಕು, ಅದರ ಕೊನೆಯ ಸಂಪರ್ಕದ ಸಮಯ ಅಂದಿನಿಂದ ಮುಂದಕ್ಕೆ ಸರಿದಿರಬಾರದು.